ಗುಂಪಿನ ಮಾತು ಓದಲೊಲ್ಲದವನು

“ಗುರುಗಳೇ, ನಾನು ಆಡದ ಮಾತನ್ನು ನಾನೇ ಆಡಿದೆ ಎಂದು ಕಲ್ಪಿಸಿಕೊಂಡು ಓದುವುದು ಸುಳ್ಳಲ್ಲವೇ?”

ಹೀಗೆ ಕೇಳಿದವನು ಚೌರಪ್ಪ, ಪಾದ್ರಿಯಾಗಲು ಗುರುಮಠದಲ್ಲಿ ಕಲಿಯುತ್ತಿದ್ದವನು. ದೇವರ ವಿಚಾರವಾಗಿ ಬರೆದ ಪುಸ್ತಕ ಒಂದನ್ನೂ ಅವನು ಬಿಟ್ಟಿರಲಿಲ್ಲ. ಪಾಪ ಎಂದರೇನು ಎಂದು ಯಾರಾದರೂ ಕೇಳಿದರೆ ಸಾಕು, ಕೇಳಿದವನ ಊಟ ಆರಿ ಹೋಗುವ ತನಕ ಹೇಳುತ್ತಿದ್ದ.

ಶುಭಶುಕ್ರವಾರಕ್ಕೆ ಇನ್ನು ನಾಲ್ಕು ದಿನವಿತ್ತು. ಅಂದು ಇಗರ್ಜಿಯಲ್ಲಿ ಪ್ರಭು ಶಿಲುಬೆಗೇರಿದ ಪಾಡುಗಳ ಕತೆಯನ್ನು ಪಾಲು ಹಂಚಿಕೊಂಡು ಓದುವುದು ವಾಡಿಕೆ. ಪ್ರಭುವಿನ ಮಾತು ಒಬ್ಬನಿಗೆ, ತೀರ್ಪು ಕೊಟ್ಟು ಕೈ ತೊಳೆದುಕೊಂಡ ಅಧಿಪತಿಯ ಮಾತು ಇನ್ನೊಬ್ಬನಿಗೆ. ಪ್ರಭುವನ್ನು ಕೊಲ್ಲಿರಿ ಎನ್ನುವ ಗುಂಪಿನ ಕೂಗನ್ನು ಒಬ್ಬ ಮೊದಲು ಎತ್ತಿಕೊಡಬೇಕು, ಸೇರಿದ ಜನವೆಲ್ಲ ಅವನ ಜೊತೆ ಕೂಗಬೇಕು. ಈ ಸಲ ಆ ಪಾಲು ಚೌರಪ್ಪನಿಗೆ ಬಂದಿತ್ತು.

“ಅಂಥ ಮಾತು ನನ್ನ ಬಾಯಲ್ಲಿ ಹೇಗೆ ಬಂದೀತು? ನಾನು ಅಲ್ಲಿರಲಿಲ್ಲ. ಇದ್ದಿದ್ದರೂ ಕೂಗುತ್ತಿರಲಿಲ್ಲ. ಈ ಪಾಲನ್ನು ಬೇರೆ ಯಾರಿಗಾದರೂ ಕೊಡಿ. ಇಲ್ಲವಾದರೆ ಶುಕ್ರವಾರ ನಾನು ಇಗರ್ಜಿಗೇ ಬರುವುದಿಲ್ಲ” ಎಂದು ಅವನು ಪುಸ್ತಕವನ್ನು ಗುರುಗಳ ಮುಂದಿಟ್ಟ.

“ಪುಸ್ತಕ ಅಲ್ಲೇ ಇರಲಿ. ನೀನು ಕೂತುಕೋ” ಎಂದು ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ. ಸಾಧು ಮನುಷ್ಯ, ಇರುವೆ ಕಂಡರೆ ದಾಟಿ ನಡೆಯುವವನು. ಶುಭಶುಕ್ರವಾರ ಇಡೀ ಇಗರ್ಜಿ ಗುಂಪಿನ ಮಾತು ಕೂಗುವಾಗ ಅವನೊಬ್ಬ ತುಟಿ ಬಿಗಿದು ನಿಲ್ಲುತ್ತಿದ್ದ. ಹನ್ನೆರಡು ವರ್ಷ ಹೀಗೇ ನಿಂತ. ಜನ ಮೆಚ್ಚಿದರು. ಅವನೂ ತನ್ನನ್ನು ಮೆಚ್ಚಿಕೊಂಡ, ಸುಳ್ಳೇಕೆ ಹೇಳಲಿ. ಅವನ ಹಿಂದೆ ಹೂ ಮಾರುವ ಮುದುಕಿಯೊಬ್ಬಳು ನಿಲ್ಲುತ್ತಿದ್ದಳು. ಅವಳ ಕೂಗು ಎಲ್ಲರಿಗಿಂತ ಜೋರು. ಕೂಗಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೊಳೋ ಎಂದು ಅಳುವಳು. ಎಂಥ ಗಂಟಲಪ್ಪಾ ಇವಳದು ಎಂದು ವ್ಯಾಪಾರಿಗೆ ಅಸಹ್ಯ.

ಹದಿಮೂರನೆಯ ವರ್ಷ ಅವನು ಪ್ರಾರ್ಥನೆ ಮುಗಿಸಿ ಬರುವಾಗ ಸಂತೆಮಾಳದಲ್ಲಿ ಗುಂಪು ಕೂಡಿತ್ತು. ಒಬ್ಬ ಕಲಾಯಿಯವನನ್ನು ಕಂಬಕ್ಕೆ ಕಟ್ಟಿದ್ದರು. ಪರಸ್ಥಳದವನು, ಮನೆಮನೆಯ ಹಿತ್ತಾಳೆ ಪಾತ್ರೆಗೆ ತವರ ಬಳಿದು ಹೊಟ್ಟೆ ಹೊರೆಯುವವನು. ಅವನ ಚೀಲದಲ್ಲಿ ವ್ಯಾಪಾರಿಯ ಹೆಸರು ಕೆತ್ತಿದ ತಪ್ಪಲೆ ಸಿಕ್ಕಿತ್ತು. “ಅಮ್ಮನೇ ಕೊಟ್ಟರು, ಕಲಾಯಿಗೆ ಕೊಟ್ಟರು” ಎಂದು ಅವನು ಹೇಳುತ್ತಲೇ ಇದ್ದ. ಯಾರು ಕೇಳಬೇಕು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

“ತಪ್ಪಲೆ ನಿಮ್ಮದೇ ತಾನೇ ಯಜಮಾನರೇ? ಏನು ಮಾಡೋಣ ಇವನನ್ನು?” ಎಂದು ಕೇಳಿದರು.

ಮನೆ ಕೂಗಳತೆಯಲ್ಲೇ ಇತ್ತು. ಹೋಗಿ ಹೆಂಡತಿಯನ್ನು ಒಂದು ಮಾತು ಕೇಳಿ ಬರಬಹುದಿತ್ತು. ಆದರೆ ವ್ಯಾಪಾರಿಗೆ ಗಲಾಟೆ ಸೇರದು. “ತಪ್ಪಲೆ ನನ್ನದೇ. ಉಳಿದದ್ದು ನನಗೆ ತಿಳಿಯದು. ನಿಮಗೆ ಸರಿ ಕಂಡದ್ದು ಮಾಡಿ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಹೊರಟ. ಕೂಗಲಿಲ್ಲ. ಮೆತ್ತಗೆ ಹೇಳಿದ.

ಮನೆಗೆ ಬಂದ. ಕೈ ತೊಳೆದ. ಉಪವಾಸದ ಗಂಜಿಗೆ ಕೂತ. ಹೆಂಡತಿ ಬಡಿಸುತ್ತ, “ತಪ್ಪಲೆ ಇಲ್ಲದೆ ಇವತ್ತು ಮಡಕೆಯಲ್ಲೇ ಗಂಜಿ ಮಾಡಿದೆ. ನಿನ್ನೆ ಕಲಾಯಿಯವನ ಕೈಗೆ ಕೊಟ್ಟಿದ್ದೇನೆ, ಹಬ್ಬದೊಳಗೆ ತಂದುಕೊಡುತ್ತಾನಂತೆ. ಪಾಪ, ಒಳ್ಳೆಯವನು” ಎಂದಳು.

ವ್ಯಾಪಾರಿ ಎಂಜಲು ಕೈಯಲ್ಲೇ ಎದ್ದು ಓಡಿದ.

“ಸಿಕ್ಕಿದನೇ? ಬಿಡಿಸಿದನೇ?” ಚೌರಪ್ಪ ತಡೆಯಲಾರದೆ ಕೇಳಿದ. ಅವನು ಆಗಲೇ ಮಂಡಿಯೂರಿ ಕೂತಿದ್ದ.

ಗುಂಪು ಕರಗಿತ್ತು, ಎಂದರು ಗುರುಗಳು. ಕಲಾಯಿಯವನ ತಲೆ ಆ ಹೂವಿನ ಮುದುಕಿಯ ತೊಡೆಯ ಮೇಲಿತ್ತು. ಉಸಿರಿರಲಿಲ್ಲ. ಮುದುಕಿಯ ಹಣೆಯೂ ಒಡೆದು ರಕ್ತ ಇಳಿಯುತ್ತಿತ್ತು. ಏಟು ಬೀಳುವಾಗ ಅವಳೊಬ್ಬಳೇ ಅಡ್ಡ ಬಿದ್ದಿದ್ದಳು.

ವ್ಯಾಪಾರಿ ಕೇಳಿದ: “ಅಷ್ಟು ಜನರಲ್ಲಿ ನಿನಗೊಬ್ಬಳಿಗೆ ಹೇಗೆ ಗೊತ್ತಾಯಿತಮ್ಮ, ಇವನು ಕದ್ದಿಲ್ಲ ಎಂದು?”

“ಕದ್ದನೋ ಇಲ್ಲವೋ ನನಗೇನು ಗೊತ್ತು ಯಜಮಾನರೇ? ಬಡಿಯಿರಿ ಎಂದು ಅವರ ಜೊತೆ ನಾನೂ ಬಾಯಿ ತೆರೆದಿದ್ದೆ. ತೆರೆದಾಗ ದನಿಯ ಗುರುತು ಸಿಕ್ಕಿತು. ಆಗತಾನೇ ಇಗರ್ಜಿಯಲ್ಲಿ ನನ್ನ ಗಂಟಲಿನಿಂದ ಬಂದಿತ್ತಲ್ಲ, ಅದೇ ಅದು” ಎಂದಳು ಮುದುಕಿ.

ಇಗರ್ಜಿಯಲ್ಲಿ ಕೂಗಿದವರೆಲ್ಲ ತಮ್ಮ ಕೂಗನ್ನು ಕೇಳಿಸಿಕೊಂಡಿರಲಿಲ್ಲ. ಅವಳು ಕೇಳಿಸಿಕೊಂಡಿದ್ದಳು. ವ್ಯಾಪಾರಿಯ ಪಾಲಿಗೆ ಕೇಳಿಸಿಕೊಳ್ಳಲು ಏನೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕಲಾಯಿಯವನ ತಲೆ ತನ್ನ ತೊಡೆಯ ಮೇಲೇ ಇದ್ದ ಹಾಗೆ ಚೌರಪ್ಪನಿಗೆ ಅನ್ನಿಸಿತು. ಅಯ್ಯೋ ದೇವರೇ, ಒಂದು ಮಾತು ಕೇಳಿ ಬಂದಿದ್ದರೆ ಒಂದು ಜೀವ ಉಳಿಯುತ್ತಿತ್ತು! ಕೈ ತೊಳೆದು ಗಂಜಿಗೆ ಕೂತನಲ್ಲ ಆ ಮಹಾನುಭಾವ! ಸಂಕಟ ನೋಡನೋಡುತ್ತ ಸಿಟ್ಟಾಯಿತು.

“ಥೂ! ಮನುಷ್ಯನೇ ಅವನು? ಅವನನ್ನೂ ಅದೇ ಕಂಬಕ್ಕೆ ಕಟ್ಟಬೇಕಿತ್ತು! ಬಡಿದು ಕೊಲ್ಲಬೇಕಿತ್ತು!” ಎಂದು ಚೀರಿದ.

ಹೊರಗೆ ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ನಿಲ್ಲಿಸಿ ಕಿಟಕಿಯ ಕಡೆ ನೋಡಿದಳು. ಚೌರಪ್ಪ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡ.

ಗುರುಗಳು ಪುಸ್ತಕವನ್ನು ಅವನ ಕಡೆಗೆ ಸರಿಸಿ ಹೇಳಿದರು: “ಶುಕ್ರವಾರ ಇದೇ ದನಿಯಲ್ಲಿ ಓದು, ಮಗೂ.”