ಮುರಿಗೆಪ್ಪನ ಒಂದು ಬಟ್ಟಲು ಕೆಂಪು

ಯಾವ ಕಾಲದ್ದೋ, ಹೇಳಿದವರು ಹೇಳಲಿಲ್ಲ, ಕೇಳಿದವರು ಕೇಳಲಿಲ್ಲ. ಬಹಳ ಹಿಂದೆ, ಹೊಳೆಯ ದಂಡೆಗೆ ನೂಲಿನಹಾಳ ಅಂತ ಒಂದೂರು. ಮನೆಗೊಂದು ಮಗ್ಗ. ಆ ಊರಲ್ಲಿ ಬಣಗಾರರ ಮುರಿಗೆಪ್ಪ ಅಂತ ಒಬ್ಬನಿದ್ದ. ಉಳಿದವರು ರೇಷ್ಮೆಯಿಂದ ಸೀರೆ ಮಾಡಿದರೆ ಮುರಿಗೆಪ್ಪ ರೇಷ್ಮೆಯಿಂದ ಮುಖ ಮಾಡುತ್ತಿದ್ದ ಅಂತಾರೆ.

ನಾಟಕ ಕಂಪನಿಯವರು ಗೋಡೆಗೆ ಅಂಟಿಸುವ ಪಟ ಅವನ ಕೆಲಸ. ಮರದ ಚೌಕಟ್ಟಿಗೆ ತೆಳು ರೇಷ್ಮೆ ಬಿಗಿದು, ಬಣ್ಣ ಇಳಿಯಬಾರದ ಕಡೆ ಜಾಲಿಯ ಗೋಂದು ಬಳಿಯುತ್ತಿದ್ದ. ಕೆಳಗೆ ಹಾಳೆ ಇಟ್ಟು, ಮೇಲೆ ಅಗಸೆಣ್ಣೆಯಲ್ಲಿ ಅರೆದ ಬಣ್ಣ ಸುರಿದು, ಹಲಗೆಯಿಂದ ಒಮ್ಮೆ ಎಳೆದರೆ ಆಯಿತು. ಬಣ್ಣಕ್ಕೊಂದು ಚೌಕಟ್ಟು. ಮೊದಲು ಹಳದಿ ಮುಖ, ಆಮೇಲೆ ನೀಲಿ ಕೂದಲು, ಆಮೇಲೆ ಕಪ್ಪು ಕಣ್ಣು, ಕಟ್ಟಕಡೆಗೆ ಕೆಂಪು ತುಟಿ. ಹಳದಿ ಮುಖದ, ನೀಲಿ ಕೂದಲಿನ ಹೆಣ್ಣು ಎಲ್ಲಿದ್ದಾಳೆ? ಆದರೂ ಗೋಡೆಯ ಮೇಲೆ ನೋಡಿದವರು ಕಣ್ಣು ಕೀಳುತ್ತಿರಲಿಲ್ಲವಂತೆ.

ಒಂದು ಮುಖಕ್ಕೆ ಒಂದೇ ಬಟ್ಟಲು ಕೆಂಪು. ಅದು ತೀರಿದರೆ ತೀರಿತು. ತುಟಿಯಿಲ್ಲದೆ ಉಳಿದ ಹಾಳೆಗಳು ಒಲೆಗೆ, ರೇಷ್ಮೆ ಹೊಳೆಗೆ. ಗೋಂದು ಕರಗಿ ಮುಖ ನೀರಿನಲ್ಲಿ ಹೋಗುತ್ತಿತ್ತು. ಯಾಕೆ ಅಂತ ಕೇಳಿದವರಿಗೆ, "ಮುಖ ಅಂದ್ರ ಬಾವಿ ಇದ್ದಂಗ. ಬರತೈತಿ ಅಂತ ಸೇದಕೋತ ಕೂತರ ತಳ ಕಾಣತೈತಿ" ಅನ್ನುತ್ತಿದ್ದನಂತೆ.

ಒಂದು ಸುಗ್ಗಿಗೆ ಅಂಬೂಬಾಯಿಯ ಕಂಪನಿ ಬಂತು. ಅಂಬೂಬಾಯಿ ರಂಗದ ಮೇಲೆ ನಕ್ಕರೆ ಜನ ಬುತ್ತಿ ಬಿಚ್ಚುವುದನ್ನೂ ಮರೆಯುತ್ತಿದ್ದರು. ಮುರಿಗೆಪ್ಪ ಮಾಡಿದ ತನ್ನ ಪಟ ನೋಡಿ ಆಕೆಗೇ ಮರುಳು ಹತ್ತಿತು. "ಅಣ್ಣಾ, ಇನ್ನೊಂದು ಬಟ್ಟಲ ಅರೀ. ಹೊಳಿ ಆಚೆಕಡೆ ಊರಿನವರೂ ನನ್ನ ನೋಡ್ಲಿ" ಅಂದಳು. ಮುರಿಗೆಪ್ಪ ಒಲ್ಲೆ ಅಂದ. ಕೈಮುಗಿದಳು. ಆದರೂ ಒಲ್ಲೆ ಅಂದ.

ಮರುದಿನ ಅವನು ಉಳಿದ ಚೌಕಟ್ಟುಗಳನ್ನು ಹೊತ್ತು ಹೊಳೆಗೆ ಹೋಗಿದ್ದ. ಕೆಂಪಿನ ಚೌಕಟ್ಟೊಂದೇ ಮನೆಯಲ್ಲಿ ಗೋಡೆಗೆ ಒರಗಿತ್ತು. ತುಟಿಯಿಲ್ಲದ ಹಾಳೆಗಳು ಹಗ್ಗದ ಮೇಲೆ ಗಾಳಿಗೆ ಹೊಯ್ದಾಡುತ್ತಿದ್ದವು. ಮಟಮಟ ಮಧ್ಯಾಹ್ನ. ಅಂಬೂಬಾಯಿ ತಾನೇ ಕೆಂಪು ಅರೆದಳು, ತಾನೇ ಹಲಗೆ ಎಳೆದಳು. ಎಳೆದಾಗೆಲ್ಲ ಕೆನ್ನೆಯ ಮೇಲೆ ಯಾರೋ ತಣ್ಣನೆಯ ಬಟ್ಟೆಯಿಂದ ಒರೆಸಿದಂತಾಯಿತಂತೆ. ಆದರೂ ಕೈ ನಿಲ್ಲಲಿಲ್ಲ. ಹಾಳೆಗಳನ್ನು ಸುತ್ತಿಕೊಂಡು ಬಂಡಿ ಹತ್ತಿ, ಹೊಳೆಯಾಚೆಯ ಊರೂರ ಗೋಡೆಗೆ ಅಂಟಿಸಿದಳು.

ಆಚೆ ದಂಡೆಯ ಊರಿಗೆ ಊರೇ ಪಟ ನೋಡಿ ನಾಟಕಕ್ಕೆ ನೆರೆಯಿತು. ಪರದೆ ಸರಿಯಿತು, ಅಂಬೂಬಾಯಿ ಬಂದು ನಿಂತಳು. "ಅಂಬೂಬಾಯಿ ಎಲ್ಲಿ? ಅಂಬೂಬಾಯಿನ ಕರೀರಿ!" ಅಂತ ಜನ ಕೂಗಿದರು. ಆಕೆ ಎದುರಿಗೇ ನಿಂತಿದ್ದಳು. ಬಣ್ಣ ಒರೆಸಿಕೊಂಡು ಒಳಗೆ ಹೋದರೆ ಹೆತ್ತ ತಾಯಿ ಚಾಪೆ ಹಾಸಿ, "ಯಾರವ್ವಾ ನೀನು, ಯಾರು ಬೇಕಾಗಿತ್ತು?" ಅಂದಳಂತೆ.

ಓಡಿ ಬಂದಳು ಮುರಿಗೆಪ್ಪನ ಹತ್ತಿರ. ಅವನು ದನಿಯ ಮೇಲೆ ಗುರುತು ಹಿಡಿದ. ಮುಖ ಇಲ್ಲವೆಂದಲ್ಲ, ಕಣ್ಣು ಮೂಗು ಎಲ್ಲ ಇದ್ದವು. ಆದರೆ ನೋಡಿ ಅತ್ತ ತಿರುಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಮತ್ತೆ ನೋಡಿದ, ಮತ್ತೆ ಮರೆತ. ಬೈಯಲಿಲ್ಲ. ಕೆಂಪಿನ ರೇಷ್ಮೆ ಹರಿದು ಹೊಳೆಗೆ ಬಿಟ್ಟು, ಸೀಮೆಎಣ್ಣೆಯ ಡಬ್ಬಿ, ಒಂದು ಅರಿವೆ ತಗೊಂಡು, "ನಡೀ ತಂಗಿ" ಅಂದ.

ಊರೂರು ತಿರುಗಿದರು. ಅಗಸೆಣ್ಣೆಯ ಬಣ್ಣ ಬೇಗ ಒಣಗುವಂಥದ್ದಲ್ಲ. ಕಂಡ ಕಂಡ ಗೋಡೆಯ ಮೇಲೆ ಮುರಿಗೆಪ್ಪ ಆ ಕೆಂಪು ತುಟಿಯನ್ನು ಉಜ್ಜಿ ಉಜ್ಜಿ ತೆಗೆದ. ಒಂದು ಪಟ ಒರೆಸಿದಾಗ ಕಂಪನಿಯ ನಾಯಿ ಆಕೆಯ ಗುರುತು ಹಿಡಿದು ಬಾಲ ಆಡಿಸಿತಂತೆ. ಇನ್ನೊಂದು ಒರೆಸಿದಾಗ ನೀರಿನಲ್ಲಿ ಆಕೆಗೆ ತನ್ನ ಹಣೆ ಕಂಡಿತಂತೆ. ಹೀಗೆ ಒರೆಸುತ್ತ ಒರೆಸುತ್ತ ಬಂದಮೇಲೆ, ಒಂದು ಸಂಜೆ ತಾಯಿ "ಅಂಬೂ" ಅಂದು ಅಪ್ಪಿಕೊಂಡಳು.

ಒಂದು ಪಟ ಮಾತ್ರ ಸಿಗಲಿಲ್ಲ. ಯಾವನೋ ಪರಸ್ಥಳದ ಬಂಡಿಯವ ಚಂದ ಐತಿ ಅಂತ ಕಿತ್ತುಕೊಂಡು ಹೋಗಿದ್ದ. ಅದಕ್ಕೇ ಅಂಬೂಬಾಯಿಯ ಮುಖ ಬಂತು, ಬಾಯಿ ಬರಲಿಲ್ಲ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆಗೂ ತಿಳಿಯುತ್ತಿರಲಿಲ್ಲ ಅಂತಾರೆ.

"ನೀ ತಾಯಿ ಹತ್ರ ಇರು, ನಾ ಹುಡಿಕ್ಕೊಂಡ ಬರತೀನಿ" ಅಂತ ಮುರಿಗೆಪ್ಪ ಹೊರಟ. ಬರಲಿಲ್ಲ. ಯಾವುದೋ ದೂರದ ಪೇಟೆಯಲ್ಲಿ ಮುದುಕನೊಬ್ಬ ಗೋಡೆ ಗೋಡೆಗೂ ಮುಖ ಹಚ್ಚಿ ನೋಡುತ್ತಿದ್ದ ಅಂತ ಸಂತೆಗೆ ಹೋದವರು ಸುದ್ದಿ ತಂದರು. ಅದೂ ಎಷ್ಟೋ ತಲೆಮಾರಿನ ಕೆಳಗೆ.

ನೂಲಿನಹಾಳದವರು ಇವತ್ತಿಗೂ ಪರ ಊರಿಗೆ ಹೋದಾಗ ಗುರುತಿಲ್ಲದ ಹೆಣ್ಣಿನ ಹಳೆಯ ಪಟ ಗೋಡೆಯ ಮೇಲೆ ಕಂಡರೆ ಸುಮ್ಮನೆ ದಾಟುವುದಿಲ್ಲ. ಎಷ್ಟೇ ಅವಸರವಿದ್ದರೂ ನಿಲ್ಲುತ್ತಾರೆ. ಸೆರಗಿನ ತುದಿಯನ್ನೋ, ಟವೆಲಿನ ತುದಿಯನ್ನೋ ಎಣ್ಣೆಗೆ ಅದ್ದಿ ಪಟದ ತುಟಿ ಒರೆಸುತ್ತಾರೆ. ಒರೆಸಿ, ಮೆಲ್ಲಗೆ, ಯಾರಿಗೂ ಕೇಳದ ಹಾಗೆ ಅನ್ನುತ್ತಾರೆ: "ತಗೋ ತಾಯಿ, ಇನ್ನ ನಗು."