ಎರಡು ಮರದ ತುಂಡು

ಶಿಷ್ಯನೊಬ್ಬ ಕೇಳಿದ: "ಬುದ್ಧಿ, ಬಾರದವರ ದಾರಿ ಕಾಯುವುದು ತಪ್ಪೇ?"

ಅವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಕರ್ಮ ಮುಗಿದ ಮಾರನೆಯ ದಿನವೇ ಮನೆಗೆ ಬೀಗ ಹಾಕಿ ಮಠಕ್ಕೆ ಬಂದವನು. ಬೀಗದ ಕೈ ಇನ್ನೂ ಉಡಿದಾರದಲ್ಲೇ ಇತ್ತು.

ಗುರುಗಳು ಹೇಳಿದರು:

ಒಂದು ರಾಜ್ಯವಿತ್ತು. ಆ ರಾಜ್ಯಕ್ಕೊಂದು ವಾಯುಪಡೆ, ಅದಕ್ಕೊಬ್ಬ ದಳಪತಿ.

ಅವನು ಹುಟ್ಟುತ್ತಲೇ ದಳಪತಿಯಲ್ಲ. ಹದಿನೆಂಟಕ್ಕೆ ಸೇರಿದಾಗ ಅವನ ಕೆಲಸ, ನಿಂತ ವಿಮಾನ ಜಾರದಂತೆ ಚಕ್ರಕ್ಕೆ ಎರಡು ಮರದ ತುಂಡು ಒಡ್ಡುವುದು. ಬೆಳಿಗ್ಗೆ ಎದ್ದು ರನ್‌ವೇ ಉದ್ದಕ್ಕೂ ನಡೆದು ಕಲ್ಲು ಆರಿಸುವುದು. ಒಂದು ಹರಳು ಯಂತ್ರದೊಳಗೆ ಹೋದರೆ ಸಾಕು, ವಿಮಾನ ಉಳಿಯುವುದಿಲ್ಲ. ಮೂವತ್ತು ವರ್ಷ ದುಡಿದು ದಳಪತಿಯಾದ. ಆದರೂ ಕಲ್ಲು ಆರಿಸುವುದು ಬಿಡಲಿಲ್ಲ.

ಹೆಂಡತಿ ಹಂಗಿಸುತ್ತಿದ್ದಳು. "ಮನೆಯಲ್ಲಿ ಅಕ್ಕಿ ಆರಿಸಿ ಅಂದರೆ ಕಣ್ಣು ಕಾಣುವುದಿಲ್ಲ ಅನ್ನುತ್ತೀರಿ. ಅಲ್ಲಿ ಮೈಲಿ ಉದ್ದಕ್ಕೂ ಬಿದ್ದ ಕಲ್ಲು ಹೇಗೆ ಕಾಣುತ್ತದೋ."

ಆ ಪಡೆಯಲ್ಲಿ ಎರಡು ಕಟ್ಟಳೆ ಇದ್ದವು. ವಿಮಾನ ಮೇಲೆ ಹೋದರೆ ಅದರ ಮರದ ತುಂಡುಗಳು ಅದು ನಿಂತ ಜಾಗದಲ್ಲೇ ಇರಬೇಕು. ಅದು ಇಳಿದು ಬರುವ ತನಕ ಯಾರೂ ಎತ್ತಬಾರದು. ಎರಡನೆಯದು, ಆಪತ್ತಿನಲ್ಲಿ ಜನರನ್ನು ಸಾಗಿಸುವಾಗ ದಳಪತಿಯ ಮನೆಯವರು ಎಲ್ಲರಿಗಿಂತ ಕೊನೆಗೆ ಹತ್ತಬೇಕು. ಇದನ್ನು ಮಾಡಿದವನು ಅವನೇ.

ರಾಜ್ಯ ಮುರಿಯಿತು. ಆಳುವವನು ಒಳ್ಳೆಯ ವಿಮಾನ ನೋಡಿ ಹತ್ತಿ ಮೊದಲು ಹೋದ. ಉಳಿದವರು ಹರಿದು ಹಂಚಿಹೋದರು. ಈ ಕಡೆಯವರು ಆ ಕಡೆಯವರ ಮೇಲೆ ಬಾಂಬು ಹಾಕು ಅಂದರು. ಆ ಕಡೆಯವರೂ ಹಾಗೇ ಅಂದರು. ದಳಪತಿ ಯಾರ ಮೇಲೂ ಹಾಕಲಿಲ್ಲ. ಯುದ್ಧದ ವಿಮಾನಗಳನ್ನೆಲ್ಲ ಗಡಿ ದಾಟಿಸಿ ಕಳಿಸಿಬಿಟ್ಟ. ಸಣ್ಣದೊಂದನ್ನು ಉಳಿಸಿಕೊಂಡ. ಬಡಗಣ ಊರಿನಲ್ಲಿ ಪಡೆಯವರ ಹೆಂಡಿರು ಮಕ್ಕಳು ಸಿಕ್ಕಿಬಿದ್ದಿದ್ದರು. ಅವನ ಹೆಂಡತಿಯೂ ಅಲ್ಲೇ ಇದ್ದಳು.

ವಿಮಾನ ಹೋಗಿ ಜನರನ್ನು ತುಂಬಿಕೊಂಡು ಬಂತು. ಎರಡನೆಯ ಸಲವೂ ಬಂತು. ಚಾಲಕ ಇಳಿದು ಹೇಳಿದ:

"ಒಂದು ಜಾಗ ಇತ್ತು ಸಾಹೇಬರೇ. ಅಮ್ಮನವರನ್ನು ಕರೆದೆ. ತಮ್ಮ ಬದಲು ಪಡೆಯ ಅಡಿಗೆಯವನ ತಾಯಿಯನ್ನು ಹತ್ತಿಸಿದರು. 'ಕಟ್ಟಳೆ ಮಾಡಿದವರು ನಿಮ್ಮ ಸಾಹೇಬರು. ನಾನು ಮುರಿದರೆ ಸಾಯುವ ತನಕ ಎತ್ತಿ ಆಡುತ್ತಾರೆ. ಅಕ್ಕಿ ಆರಿಸಿಟ್ಟಿರಲಿ, ಬಂದು ಅನ್ನಕ್ಕಿಡುತ್ತೇನೆ' ಅಂದರು."

ದಳಪತಿ ನಕ್ಕ. "ಹೋಗಪ್ಪ, ಕರೆದುಕೊಂಡು ಬಾ" ಅಂದ. ತಾನೇ ನಿಂತು ಎಣ್ಣೆ ಹಾಕಿಸಿದ. ಆಮೇಲೆ ಮೊರ ಹಿಡಿದು ಕೂತು ಅಕ್ಕಿ ಆರಿಸಿದ.

ಮೂರನೆಯ ಸಲ ಹೋದ ವಿಮಾನ ಬರಲಿಲ್ಲ.

ಪಡೆಯವರು ತಮ್ಮ ತಮ್ಮ ಮನೆಯವರನ್ನು ಕರೆದುಕೊಂಡು ದಾರಿ ಹಿಡಿದರು. ದಳಪತಿ ಉಳಿದ. ಗೆದ್ದವರ ಕಡೆಯ ಅಧಿಕಾರಿಯೊಬ್ಬ ಬಂದ. ಖಾಲಿ ಜಾಗದಲ್ಲಿ ಮರದ ತುಂಡು ಕಾದು ಕೂತವನನ್ನು ಕಂಡ.

"ಯಾರನ್ನು ಕಾಯುತ್ತೀರಿ ದಳಪತಿಗಳೇ? ನಿಮ್ಮ ರಾಜ್ಯವೂ ಇಲ್ಲ, ಪಡೆಯೂ ಇಲ್ಲ."

"ಒಂದು ವಿಮಾನ ಮೇಲಿದೆ."

"ಅದರಲ್ಲಿ ನಾಲ್ಕು ಗಂಟೆಯ ಎಣ್ಣೆ ಇತ್ತಂತೆ. ಹೋಗಿ ನಾಲ್ಕು ತಿಂಗಳಾಯಿತು."

"ಎಣ್ಣೆ ಹಾಕಿಸಿದವನು ನಾನೇ."

ಅಧಿಕಾರಿ ಅವನ ಭುಜದ ಪಟ್ಟಿ ಕಿತ್ತುಕೊಂಡು ಹೋದ. ಹುಚ್ಚನೆಂದು ಅವನನ್ನು ಬಿಟ್ಟರು.

ಬೇರೆ ಕಡೆಯ ವಿಮಾನ ನಿಲ್ದಾಣಗಳಲ್ಲಿ ಮುಳ್ಳು ಬೆಳೆಯಿತು. ಕೆಲವನ್ನು ಜನ ಅಗೆದು ಜೋಳ ಬಿತ್ತಿದರು. ಇಲ್ಲಿದ್ದ ಮರಮುಟ್ಟನ್ನೂ ಒಲೆಗೆ ಒಯ್ದರು. ಆ ಎರಡು ತುಂಡನ್ನು ಮಾತ್ರ ಅವನು ಮುಟ್ಟಗೊಡಲಿಲ್ಲ. ದಿನಾ ಬೆಳಿಗ್ಗೆ ಈ ತುದಿಯಿಂದ ಆ ತುದಿಗೆ ನಡೆದು ಕಲ್ಲು ಆರಿಸುತ್ತಿದ್ದ. ಮನೆಗೆ ಬಂದು ಒಂದು ಹಿಡಿ ಅಕ್ಕಿ ಆರಿಸುತ್ತಿದ್ದ. ಆರಿಸುವಾಗ ಕೈ ನಿಲ್ಲುತ್ತಿತ್ತು. ಒಳಗಿನಿಂದ ಯಾರಾದರೂ ಹಂಗಿಸಲಿ ಎಂದು ಕಿವಿಗೊಡುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ.

ನಾಲ್ಕನೆಯ ವರ್ಷ ಒಂದು ಮಧ್ಯಾಹ್ನ ಸದ್ದು ಕೇಳಿತು. ಅವನು ಎದ್ದು ನಿಂತ.

ಅವಳನ್ನು ಕರೆತರಲು ಹೋದ ವಿಮಾನವಲ್ಲ. ಯಾವುದೋ ದೇಶದ್ದು, ಎಲ್ಲಿಗೋ ಹೊರಟದ್ದು. ಯಂತ್ರ ಕೆಟ್ಟು ಹೊಗೆ ಕಾರುತ್ತಿತ್ತು. ಅದರ ಚಾಲಕನಿಗೆ ಆ ನಾಡಿನಲ್ಲೆಲ್ಲ ಕಂಡ ಹಸನಾದ ರನ್‌ವೇ ಅದೊಂದೇ. ಇಳಿಸಿದ. ವಿಮಾನ ಓಡಿ ಓಡಿ ನಿಂತಿತು. ಆದರೆ ಬ್ರೇಕು ಹಿಡಿಯಲಿಲ್ಲ. ಮತ್ತೆ ಇಳಿಜಾರಿನ ಕಡೆಗೆ ಮೆಲ್ಲಗೆ ಉರುಳತೊಡಗಿತು. ಇಳಿಜಾರಿನ ಕೆಳಗೆ ಹಳ್ಳ.

ಚಕ್ರಕ್ಕೆ ಒಡ್ಡಲು ಬೇರೇನೂ ಇರಲಿಲ್ಲ. ದಳಪತಿ ಆ ಎರಡು ತುಂಡು ಇದ್ದ ಜಾಗಕ್ಕೆ ಓಡಿದ. ಬಗ್ಗಿದ. ಕೈ ಮುಂದೆ ಹೋಗಲಿಲ್ಲ. ಎತ್ತಿದರೆ, ಮೇಲೆ ಯಾವ ವಿಮಾನವೂ ಇಲ್ಲ ಎಂದು ತಾನೇ ಹೇಳಿದ ಹಾಗೆ. ತಲೆಯೆತ್ತಿ ನೋಡಿದ. ಕಿಟಕಿಗಳಲ್ಲಿ ಮುಖಗಳಿದ್ದವು.

ಎತ್ತಿದ. ಒಂದೊಂದು ಕಂಕುಳಲ್ಲಿ ಒಂದೊಂದು. ಓಡಿ ಹೋಗಿ ಚಕ್ರದ ಮುಂದೆ ಒಡ್ಡಿದ. ವಿಮಾನ ನಿಂತಿತು.

ಇಪ್ಪತ್ತು ಜನ ಇಳಿದರು. ಅವನು ಮೆಟ್ಟಿಲ ಬಳಿ ನಿಂತು ಒಂದೊಂದು ಮುಖವನ್ನೂ ನೋಡಿದ. ತನ್ನವಳು ಕೊನೆಗೆ ಇಳಿಯುವವಳು ಎಂದು ಅವನಿಗೆ ಗೊತ್ತು. ಕೊನೆಗೆ ಯಾವುದೋ ಊರಿನ ಮುದುಕಿ ಬಾಗಿಲಿಗೆ ಬಂದಳು. ಮೆಟ್ಟಿಲು ನೋಡಿ ಹೆದರಿ ನಿಂತಳು.

"ಕೈ ಕೊಡು ತಾಯಿ. ಕೆಳಗೆ ಕಲ್ಲಿಲ್ಲ" ಅಂದ.

ಆ ದಿನ ಅವನು ಅಷ್ಟೂ ಜನಕ್ಕೆ ಅಕ್ಕಿ ಆರಿಸಿದ. ಯಂತ್ರ ಸರಿಯಾಗಿ ವಿಮಾನ ಹೊರಟುಹೋದ ಮೇಲೆ ಮರದ ತುಂಡುಗಳನ್ನು ತಂದು ಅವು ಇದ್ದಲ್ಲೇ ಇಟ್ಟ. ಮಾರನೆಯ ಬೆಳಿಗ್ಗೆ ಎಂದಿನಂತೆ ಕಲ್ಲು ಆರಿಸಲು ಹೋದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಅವಳು ಬರುವುದಿಲ್ಲ ಎಂದು ಅವನಿಗೆ ಆಗಲಾದರೂ ತಿಳಿಯಲಿಲ್ಲವೇ ಬುದ್ಧಿ?"

"ಅದು ಮೊದಲ ದಿನವೇ ತಿಳಿದಿತ್ತು."

ಶಿಷ್ಯನ ಕೈ ಉಡಿದಾರದ ಬೀಗದ ಕೈಯ ಮೇಲಿತ್ತು. ಗುರುಗಳು ಅದನ್ನು ನೋಡಿ ಹೇಳಿದರು:

"ಈಗ ಯಾರಾದರೂ ದಣಿದು ನಿನ್ನ ಅಂಗಳಕ್ಕೆ ಬಂದರೆ, ಕಾಲಿಡಲು ಜಾಗವಿದೆಯೇ?"