ಕರಡು ತಿದ್ದುವವನ ಕ್ಷಮೆ

"ಮೇಷ್ಟ್ರೇ, ಬರೆದದ್ದನ್ನು ಎಷ್ಟು ಸಲ ತಿದ್ದಿದರೆ ಸಾಕು?"

ಕೇಳಿದವಳು ನಿಸರ್ಗ. ಲಕ್ಕಪ್ಪ ಮೇಷ್ಟ್ರ ಬಳಿ ಬರವಣಿಗೆ ಕಲಿಯುತ್ತಿದ್ದಳು. ಹಿಂದಿನ ವಾರ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಗೆಳತಿ ಭವಾನಿಯ ಪ್ರಬಂಧವನ್ನು ಆಡಿಕೊಂಡು ಒಂದು ಮಾತು ಹಾಕಿದ್ದಳು. ಅಂದಿನಿಂದ ಭವಾನಿ ತರಗತಿಗೆ ಬಂದಿರಲಿಲ್ಲ. ಈಗ ಕ್ಷಮೆ ಕೇಳಿ ಮೊಬೈಲಿನಲ್ಲಿ ಬರೆದದ್ದನ್ನು ನಿಸರ್ಗ ಮೇಷ್ಟ್ರ ಮುಂದೆ ಹಿಡಿದಿದ್ದಳು.

"ದಿನಾ ತಿದ್ದುತ್ತಲೇ ಇದ್ದೇನೆ. ಇನ್ನೂ ಸರಿ ಬಂದಿಲ್ಲ. ನೀವೊಂದು ಸಲ ನೋಡಿಕೊಡಿ."

ಮೇಷ್ಟ್ರು ಮೊಬೈಲಿನ ಕಡೆ ನೋಡಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕರಡು ತಿದ್ದುವವನೊಬ್ಬನಿದ್ದ. ಪತ್ರಿಕೆಯಲ್ಲಿ ಅವನ ಕೆಲಸ. ಅವನ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಅಚ್ಚಿಗೆ ಹೋಗುತ್ತಿರಲಿಲ್ಲ. ಮನೆಗೆ ಬಂದ ಮದುವೆ ಕರೆಯೋಲೆಯನ್ನೂ ಅವನು ಪೆನ್ನು ಹಿಡಿದೇ ಓದುತ್ತಿದ್ದ.

ಅವನಿಗೊಬ್ಬ ಬಾಲ್ಯದ ಗೆಳೆಯ. ಅವನು ಕಿರಾಣಿ ವ್ಯಾಪಾರಿ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಕರಡು ತಿದ್ದುವವನಿಗೆ ಚಿಕ್ಕಂದಿನಿಂದಲೂ ತಾಯಿ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಗೆಳೆಯನ ಮನೆಗೆ ಹೋಗುತ್ತಿದ್ದ. ಆಮೇಲೆ ಒಬ್ಬ ಕಾಲೇಜಿಗೆ ಹೋದ, ಇನ್ನೊಬ್ಬ ಅಂಗಡಿಯಲ್ಲಿ ಕುಳಿತ. ಭೇಟಿ ಕಡಿಮೆಯಾಯಿತು. ಶಾಲೆಯ ಗೆಳೆಯರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡ ಮೇಲೆ ಮತ್ತೆ ಮಾತು ಶುರುವಾಯಿತು.

ವ್ಯಾಪಾರಿಯ ತಾಯಿ ತೀರಿಕೊಂಡರು. ಕರಡು ತಿದ್ದುವವನು ಮಣ್ಣಿಗೆ ಹೋಗಲಿಲ್ಲ. ಕೆಲಸವಿತ್ತು. ಗುಂಪಿನಲ್ಲಿ ಎಲ್ಲರಂತೆ ಕೈಮುಗಿದ ಚಿತ್ರ ಹಾಕಿದ.

ಕೆಲವು ದಿನ ಕಳೆದ ಮೇಲೆ ವ್ಯಾಪಾರಿ ಗುಂಪಿನಲ್ಲಿ ಏನೋ ಬರೆದ. ಅವನು ಹಾಗೆ ಬರೆದದ್ದು ಅದೇ ಮೊದಲು. ಅವನಿಗೆ ಅಕಾರ ಹಕಾರದ ವ್ಯತ್ಯಾಸ ತಿಳಿಯುತ್ತಿರಲಿಲ್ಲ. "ನಮ್ಮವ್ವ ಹನ್ನ ಇಕ್ಕುವಾಗ ಯಾರು ಎತ್ತ ಎಂದು ಕೇಳುತ್ತಿರಲಿಲ್ಲ" ಎಂದು ಶುರುಮಾಡಿದ್ದ.

ಕರಡು ತಿದ್ದುವವನು ಆಗ ಬಸ್ಸಿಗೆ ಕಾಯುತ್ತಿದ್ದ. 'ಹನ್ನ' ಕಣ್ಣಿಗೆ ಬಿತ್ತು. ಮುಂದೆ ಓದಲಿಲ್ಲ. "ಅನ್ನಕ್ಕೆ ಹಕಾರ ಬೆರೆಸಿ ಬಡಿಸಿದ್ದೀಯಲ್ಲಯ್ಯ, ಉಂಡವರಿಗೆ ಹೊಟ್ಟೆನೋವು ಬಂದರೆ ಯಾರು ಗತಿ? ನೀನು ಬೇಳೆ ತೂಗು, ಬರೆಯೋದು ನಮಗೆ ಬಿಡು" ಎಂದು ಬರೆದು ಕಳಿಸಿದ. ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ನಕ್ಕರು. ಅವನಿಗೂ ತನ್ನ ಮಾತು ಚೆನ್ನಾಗಿದೆ ಎನಿಸಿತು. ಬಸ್ಸು ಬಂತು. ಹತ್ತಿದ.

ಸಂಜೆ ಇನ್ನೂ ಯಾರು ಯಾರು ನಕ್ಕಿದ್ದಾರೆಂದು ನೋಡಲು ಮೊಬೈಲು ತೆಗೆದ. ಆಗ ಗೆಳೆಯ ಬರೆದದ್ದು ಮತ್ತೆ ಕಣ್ಣಿಗೆ ಬಿತ್ತು. ಈ ಸಲ ಕೊನೆಯವರೆಗೆ ಓದಿದ. ಕೊನೆಯಲ್ಲಿ ಹೀಗಿತ್ತು: "ನನ್ನ ಗೆಳೆಯನೊಬ್ಬ ನಮ್ಮನೆಗೆ ಊಟಕ್ಕೆ ಬರುತ್ತಿದ್ದ. ಅವ್ವ ಮೊದಲು ಅವನಿಗೆ ಇಕ್ಕಿ ಆಮೇಲೆ ನನಗೆ ಇಕ್ಕುತ್ತಿದ್ದಳು. ಹಾಸಿಗೆ ಹಿಡಿದ ಮೇಲೂ, ಆ ಹುಡುಗ ಈಗ ಒಟ್ಟೆ ತುಂಬ ಉಣ್ಣುತ್ತಾನಾ ಎಂದು ಕೇಳಿದಳು. ಉಣ್ಣುತ್ತಾನೆ ಕಣವ್ವ ಎಂದೆ."

ಅವನು ಕೂಡಲೇ ತಾನು ಬರೆದದ್ದನ್ನು ಅಳಿಸಿದ. ಅಳಿಸಲಾಗಿದೆ ಎಂಬ ಸಾಲು ಅಲ್ಲಿ ನಿಂತಿತು. ಅದರ ಕೆಳಗೆ ನಕ್ಕವರ ನಗು ಹಾಗೆಯೇ ಇತ್ತು.

ಗೆಳೆಯನೊಬ್ಬನಿಗೇ ಕಾಣುವಂತೆ ಬರೆಯತೊಡಗಿದ. "ತಪ್ಪಾಯಿತು ಕಣೋ. ನಾನು ಪೂರ್ತಿ ಓದಿರಲಿಲ್ಲ." ಇನ್ನೇನು ಕಳಿಸಬೇಕು, ಬೆರಳು ನಿಂತಿತು. ಇಷ್ಟು ದೊಡ್ಡ ತಪ್ಪಿಗೆ 'ಕಣೋ' ಹಗುರವಾಯಿತು ಎನಿಸಿತು. ತೆಗೆದ. 'ಓದಿರಲಿಲ್ಲ' ಎನ್ನುವುದು ನೆಪದಂತೆ ಕೇಳಿಸಿತು. ಅದನ್ನೂ ತೆಗೆದ. ಉಳಿದದ್ದು ಬೋಳಾಗಿ ಕಂಡಿತು. ನಾಳೆ ಬರೆಯೋಣ ಎಂದುಕೊಂಡ.

ಮರುದಿನವೂ ಬರೆದ, ಅಳಿಸಿದ. ಗೆಳೆಯನ ತಾಯಿಯ ಬಗ್ಗೆ ಒಂದು ಮಾತು ಸೇರಿಸಿದ. ಅದು ಕೃತಕವಾಯಿತು ಎಂದು ಬೇರೆ ಮಾಡಿದ. ಕೆಲಸದ ನಡುವೆ ಬರೆದ, ಬಸ್ಸಿನಲ್ಲಿ ಬರೆದ. ದಿನ ಕಳೆದಷ್ಟೂ ತಡವಾದದ್ದಕ್ಕೂ ಕ್ಷಮೆ ಕೇಳಬೇಕಾಯಿತು. ಬರಹ ಬೆಳೆಯಿತು. ಅಂಗಡಿಗೆ ಹೋಗಿಬಿಡಲೇ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಬರಿಗೈಯಲ್ಲಿ ಏನೆಂದು ಹೋಗಲಿ, ಮೊದಲು ಇದು ತಲುಪಲಿ ಎಂದು ಸುಮ್ಮನಾಗುತ್ತಿದ್ದ.

ಕಡೆಗೆ ಬರಹ ಸಿದ್ಧವಾಯಿತು. ತೆಗೆಯಬೇಕಾದ ಪದವಿರಲಿಲ್ಲ, ಸೇರಿಸಬೇಕಾದ್ದೂ ಇರಲಿಲ್ಲ. ಓದಿ ಅವನೇ ಅತ್ತ. ಕಳಿಸಿದ.

ಉತ್ತರ ಬೇಗ ಬಂತು. "ಬಹಳ ಚೆನ್ನಾಗಿ ಬರೆದಿದ್ದೀರಿ ಸರ್. ಒಂದು ತಪ್ಪೂ ಇಲ್ಲ."

ಆಗ ಅವನು ಎದ್ದು ಓಡಿದ. ವ್ಯಾಪಾರಿ ಅಂಗಡಿಯಲ್ಲಿದ್ದ. ಕುರ್ಚಿ ಕೊಟ್ಟು ಕೂರಿಸಿದ, ಟೀ ತರಿಸಿದ. ಮುಖದಲ್ಲಿ ಕೋಪವಿರಲಿಲ್ಲ.

"ಮೊಬೈಲಿನಲ್ಲಿ ನಿಮ್ಮ ಹೆಸರು ತೆಗೆದು ನೋಡಿದರೆ ನೀವು ಬರೆಯುತ್ತಿರೋದು ಕಾಣೋದು" ಎಂದ ವ್ಯಾಪಾರಿ. "ಟೈಪಿಂಗ್ ಅಂತ ಬರೋದು, ಹೋಗೋದು. ಮೊದಮೊದಲು ಗಿರಾಕಿಗಳನ್ನ ನಿಲ್ಲಿಸಿ ನೋಡ್ತಾ ಇದ್ದೆ. ಈಗ ಬರುತ್ತೆ, ಈಗ ಬರುತ್ತೆ ಅಂತ. ಆಗ ಏನು ಬಂದಿದ್ದರೂ ಸಾಕಾಗಿತ್ತು. ಆಮೇಲೆ ನೋಡೋದು ಬಿಟ್ಟೆ."

"ನನ್ನನ್ನ ನೀವು ಅಂತ ಯಾಕೆ ಕರೀತೀಯೋ? ನೀನು ಅನ್ನು. ಬೇಕಾದರೆ ಬೈಯಿ."

ವ್ಯಾಪಾರಿ ಸ್ವಲ್ಪ ಹೊತ್ತು ಪ್ರಯತ್ನಿಸುವವನಂತೆ ಅವನನ್ನೇ ನೋಡಿದ. "ಬಾಯಿಗೆ ಬರ್ತಾ ಇಲ್ಲ" ಎಂದ. ಅಷ್ಟರಲ್ಲಿ ಯಾರೋ ಸಕ್ಕರೆ ಕೇಳಿದರು. ಅತ್ತ ತಿರುಗಿದ.

ಕರಡು ತಿದ್ದುವವನು ಟೀ ಕುಡಿದು ಮನೆಗೆ ಬಂದ. ಗುಂಪಿನಲ್ಲಿ ವ್ಯಾಪಾರಿ ಮತ್ತೆ ಯಾವತ್ತೂ ಏನೂ ಬರೆಯಲಿಲ್ಲ. ಹಬ್ಬ ಹುಣ್ಣಿಮೆಗೆ ಕೈಮುಗಿದ ಚಿತ್ರ ಹಾಕುತ್ತಿದ್ದ, ಅಷ್ಟೇ.

ಮೇಷ್ಟ್ರು ಕತೆ ನಿಲ್ಲಿಸಿದರು. ನಿಸರ್ಗ ಕೇಳಿದಳು, "ಹಾಗಾದರೆ ತಿದ್ದುವುದೇ ತಪ್ಪೇ?"

"ಬಸ್ಸಿಗೆ ಕಾಯುವಾಗ ಅವನು ತನ್ನ ಮಾತನ್ನು ತಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ" ಎಂದರು ಮೇಷ್ಟ್ರು.

ನಿಸರ್ಗ ಮೊಬೈಲನ್ನು ಮತ್ತೆ ಮುಂದೆ ಮಾಡಿದಳು. "ಇದನ್ನು ಹೀಗೇ ಕಳಿಸಿಬಿಡಲೇ?"

"ಭವಾನಿ ಈಗ ಎಲ್ಲಿದ್ದಾಳಮ್ಮ?"

ನಿಸರ್ಗಳಿಗೆ ಗೊತ್ತಿರಲಿಲ್ಲ.